ಚಳಿಯ ಬೆನಿಫಿಟ್ಸು

ಎಲ್ಲ ಶುರುವಾದದ್ದು ಒಂದು ಮೊಣಕೈ ಉದ್ದದ ರೂಮ್ ಹೀಟರಿನಿಂದ.

ಜನವರಿಯ ಆ ಬೆಳಿಗ್ಗೆ ದುಬೈಯ ಕರಾಮದಲ್ಲಿ ಹದಿನಾರು ಡಿಗ್ರಿ. ಹದಿನಾರು ಡಿಗ್ರಿಗೆ ಜಗತ್ತಿನ ಬಹುಪಾಲು ಜನ ಕಿಟಕಿ ತೆರೆದು ಆಹಾ ಎನ್ನುತ್ತಾರೆ. ಪುರಂದರ ಮಾತ್ರ ಮಂಗನ ಟೋಪಿ ಹಾಕಿ, ಎರಡು ಸ್ವೆಟರ್ ತೊಟ್ಟು, ಅದರ ಮೇಲೆ ಹೆಂಡತಿಯ ಶಾಲು ಹೊದ್ದು, ಹೀಟರಿನ ಎರಡು ಕೆಂಪು ಸರಳುಗಳ ಮುಂದೆ ಕೆಂಡದ ಮೇಲಿನ ಹಪ್ಪಳದಂತೆ ಆಗಾಗ ಮಗ್ಗುಲು ಬದಲಿಸುತ್ತ ಕೂತಿದ್ದ. ಉಡುಪಿಯ ಸೆಕೆಯಲ್ಲಿ ಹುಟ್ಟಿ, ದುಬೈಯ ಸೆಕೆಯಲ್ಲಿ ಹನ್ನೆರಡು ವರ್ಷ ಬೆಂದ ದೇಹ. ಇಪ್ಪತ್ತೈದು ಡಿಗ್ರಿಗಿಂತ ಕೆಳಗೆ ಬದುಕುವುದನ್ನು ಅದು ಕಲಿತೇ ಇರಲಿಲ್ಲ.

"ಹೋಯ್, ಕರೆಂಟ್ ಬಿಲ್ ನೋಡಿದ್ರಾ?" ಅಡುಗೆಮನೆಯಿಂದ ಚಂದ್ರಮತಿ ಕೂಗಿದಳು. "ಬೇಸಿಗೆಯಲ್ಲಿ ಎಸಿ ಹಾಕಿದಾಗ ಸಹ ಇಷ್ಟು ಬರ್ಲಿಲ್ಲ. ದುಬೈಯಲ್ಲಿ ಹೀಟರ್ ಹಾಕುವ ಮನುಷ್ಯ ನೀವೊಬ್ರೇ. ಗೊತ್ತಾದ್ರೆ ಮ್ಯೂಸಿಯಮ್‌ನವರು ಬಂದು ಎತ್ತಿಕೊಂಡು ಹೋಗ್ತಾರೆ."

"ಚಳಿ ಆಗ್ತದೆ ಮಾರಾಯ್ತಿ."

"ಎಂತದ್ದು ಚಳಿ? ಬೋಳು ಕೋಳಿಗೆ ಸಹ ಇದರಲ್ಲಿ ಚಳಿ ಆಗುದಿಲ್ಲ. ಇನ್ನೊಂದು ಬಿಲ್ ಹೀಗೆ ಬರ್ಲಿ, ಅದನ್ನು ಬಾಲ್ಕನಿಯಿಂದ ಕೆಳಗೆ ಬಿಸಾಡ್ತೇನೆ."

ಆಗಲೇ ಫೋನ್ ಕುಂಯ್ ಎಂದಿತು. ಮೇಲಿನ ಮಹಡಿಯ ದ್ವಾರಕನಾಥರು. ಮೈಸೂರಿನವರು, ಯಾವುದೋ ಕಂಪನಿಯ ಐಟಿ ವಿಭಾಗದಲ್ಲಿ ದೊಡ್ಡ ಹುದ್ದೆ. ವೀಸಾದಿಂದ ಹಿಡಿದು ಮೂಲವ್ಯಾಧಿಯ ತನಕ ಅವರಿಗೆ ತಿಳಿಯದ ವಿಷಯ ಇಡೀ ಬಿಲ್ಡಿಂಗಿನಲ್ಲಿ ಇರಲಿಲ್ಲ. ಕಳಿಸಿದ್ದು ಒಂದು ಸ್ಕ್ರೀನ್‌ಶಾಟ್. ಅದರ ತಲೆಯೂ ಇಲ್ಲ, ಬಾಲವೂ ಇಲ್ಲ. ನಡುವೆ ಉಳಿದಿದ್ದ ಇಂಗ್ಲಿಷನ್ನು ಪುರಂದರ ಎರಡು ಸಲ ಓದಿದ. ಚಳಿಗಾಲದ ಹೀಟಿಂಗ್ ಖರ್ಚಿಗೆ ಸರ್ಕಾರದ ಸಹಾಯ. ಬೆನಿಫಿಟ್ಸ್ ಮೇಲಿರುವವರು ಅರ್ಹರು. ಇವತ್ತೇ ಲಾಸ್ಟ್ ಡೇ.

ಅವನು ಎದ್ದು ನಿಂತ ರಭಸಕ್ಕೆ ಶಾಲು ಹೀಟರಿನ ಮೇಲೆ ಬಿದ್ದು ಸ್ವಲ್ಪ ಕಮರಿತು. ಕೂಡಲೇ ಫೋನ್ ಮಾಡಿದ.

"ಓದಿದ್ರೇನ್ರೀ ಪುರಂದರ್?" ದ್ವಾರಕನಾಥರ ದನಿಯಲ್ಲಿ ಗೆಲುವು ತುಳುಕುತ್ತಿತ್ತು.

"ಓದಿದೆ ಸಾರ್. ಇದು ಸತ್ಯವಾ?"

"ಸರ್ಕಾರ ಅಂತ ಹಾಕಿದೆಯಲ್ರೀ! ಈ ಊರಲ್ಲಿ ಸರ್ಕಾರದ ಹೆಸರಲ್ಲಿ ಸುಳ್ಳು ಹಬ್ಬಿಸೋ ಧೈರ್ಯ ಯಾವನಿಗಿದೆ?"

"ಅದೂ ಹೌದು. ಈ ಬೆನಿಫಿಟ್ಸ್ ಮೇಲಿರುವವರು ಅಂದ್ರೆ ಯಾರು?"

"ನಾವೇ ಕಣ್ರೀ! ಮೆಡಿಕಲ್ ಕೊಡ್ತಾರೆ, ವರ್ಷಕ್ಕೊಂದ್ ಟಿಕೆಟ್ ಕೊಡ್ತಾರೆ. ಅವೆಲ್ಲ ಬೆನಿಫಿಟ್ಸ್ ಅಲ್ದೆ ಮತ್ತೇನು? ಎಚ್‌ಆರ್ ಹತ್ರ ಹೋಗಿ ಬೆನಿಫಿಟ್ಸ್ ಲೆಟರ್ ಅಂತ ಒಂದು ಈಸ್ಕೊಳ್ಳಿ. ಮೊದಲು ನಿಮಗೆ ಸಿಗುತ್ತಾ ನೋಡೋಣ, ಆಮೇಲೆ ನಾನೂ ಹಾಕ್ತೀನಿ. ಇನ್ನೊಂದ್ ಮಾತು. ಇಂಥದ್ದಕ್ಕೆಲ್ಲ ಕೋಟಾ ಇರುತ್ತೆ, ಬಾಯಿ ಬಿಡಬೇಡಿ. ಕೆಳಗಿನ ಮನೆ ಮಸೂದ್‌ಗೆ ಗೊತ್ತಾದ್ರೆ ಖಲಾಸ್! ಮಧ್ಯಾಹ್ನದೊಳಗೆ ಅರ್ಧ ಮಂಗಳೂರು ಅಪ್ಲೈ ಮಾಡಿರುತ್ತೆ."

ವಿಷಯ ಕೇಳಿದ ಚಂದ್ರಮತಿ ಸೌಟು ಹಿಡಿದೇ ಹೊರಗೆ ಬಂದಳು. "ಹೊಸ ಹೀಟರ್ ಸಹ ಕೊಡ್ತಾರಾ?"

"ಖರ್ಚೇ ಕೊಡುವವರಿಗೆ ಹೀಟರ್ ಯಾವ ಲೆಕ್ಕ!"

"ಹಾಗಾದ್ರೆ ಇಲ್ಲಿ ಕೂತು ಎಂತ ಮಾಡ್ತಾ ಇದ್ದೀರಿ? ಈಗಲೇ ಹೊರಡಿ. ತಿಂಡಿ ಆಫೀಸಿನಲ್ಲಿ ತಿನ್ನಿ."

ಶಾಲೆಯ ಚೀಲ ಹೆಗಲಿಗೇರಿಸುತ್ತಿದ್ದ ಮಗಳು ಅಶ್ಮಿತಾ ಸ್ಕ್ರೀನ್‌ಶಾಟಿನ ಮೇಲೆ ಕಣ್ಣಾಡಿಸಿದಳು. "ಪಪ್ಪಾ, ಹೀಟಿಂಗ್? ಇನ್ ದುಬೈ? ಆರ್ ಯೂ ಸೀರಿಯಸ್?"

"ನಿನ್ನ ಬಸ್ಸು ಬಂತು, ಹೋಗು," ಎಂದ ಪುರಂದರ.

ಮೆಟ್ರೋದಲ್ಲಿ ಅವನಿಗೆ ಕೂರಲಾಗಲಿಲ್ಲ. ಬುರ್ಜುಮಾನ್ ಸ್ಟೇಷನ್ನಿನಲ್ಲಿ ಇಳಿದು ಹಸಿರು ಲೈನಿಗೆ ಓಡಿದ. ಆಫೀಸಿರುವ ಕುಸೈಸ್ ಬರುವ ತನಕ ಬಾಗಿಲಿನ ಗಾಜಿನಲ್ಲಿ ತನ್ನ ಮುಖವನ್ನೇ ನೋಡುತ್ತ ನಿಂತ. ಸರ್ಕಾರವೊಂದು ತನ್ನ ಚಳಿಯನ್ನು ಗುರುತಿಸಿದೆ! ಹೆಂಡತಿ ನಂಬಲಿಲ್ಲ, ಮಗಳು ನಂಬಲಿಲ್ಲ. ಸರ್ಕಾರ ನಂಬಿತು.

ಅವನು ಗುಮಾಸ್ತನಾಗಿದ್ದದ್ದು ಫ್ರೋಜನ್ ಮೀನು, ಮಾಂಸ, ಬಟಾಣಿ ತರಿಸಿ ಮಾರುವ ಕಂಪನಿಯಲ್ಲಿ. ಮುಂದೆ ಆಫೀಸು, ಹಿಂದೆ ಗೋಡೌನ್ ಗಾತ್ರದ ಕೋಲ್ಡ್ ಸ್ಟೋರ್. ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎನ್ನುವುದು ನೌಕರರ ಅಭಿಪ್ರಾಯ. ಏಕೆಂದರೆ ಮ್ಯಾನೇಜರ್ ನಿಖಿಲ್ ಆಫೀಸಿನ ಎಸಿಯನ್ನು ವರ್ಷವಿಡೀ ಹದಿನೇಳರಲ್ಲಿಟ್ಟು, ರಿಮೋಟನ್ನು ತನ್ನ ಡ್ರಾಯರಿನಲ್ಲಿ ಬೀಗ ಹಾಕಿಡುತ್ತಿದ್ದ. ಬೆಂಗಳೂರಿನ ಹುಡುಗ, ಮೂವತ್ತೆರಡು ವಯಸ್ಸು. ದಿನಾ ಬೆಳಿಗ್ಗೆ ಮಂಜುಗಡ್ಡೆ ತುಂಬಿದ ಟಬ್ಬಿನಲ್ಲಿ ಕೂತು ವಿಡಿಯೋ ಮಾಡಿ ಹಾಕುವ ಜಾತಿ. ಚಳಿಯಿಂದ ಬುದ್ಧಿ ಚುರುಕಾಗುತ್ತದೆ ಎನ್ನುವುದು ಅವನ ಸಿದ್ಧಾಂತ. ಎಸಿಯ ಕಿಂಡಿಯಾದರೋ ನೇರ ಪುರಂದರನ ನೆತ್ತಿಗೆ. ಅದಕ್ಕೆ ಅವನು ಅಂಟಿಸಿದ ರಟ್ಟನ್ನು ನಿಖಿಲ್ ಎರಡು ಸಲ ತೆಗೆಸಿದ್ದ. ಆಮೇಲೆ ಪುರಂದರ ಮಂಗನ ಟೋಪಿಗೆ ಶರಣಾಗಿದ್ದ.

ಎಚ್‌ಆರ್‌ನ ಶಾರನ್ ಇನ್ನೂ ಚಹಾದ ಕಪ್ಪು ಕೆಳಗಿಟ್ಟಿರಲಿಲ್ಲ, ಪುರಂದರ ಎದುರು ನಿಂತಿದ್ದ.

"ಶಾರನ್, ಒಂದು ಲೆಟರ್ ಬೇಕಿತ್ತು. ಬೆನಿಫಿಟ್ಸ್‌ದು."

ಶಾರನ್‌ಳ ಕಪ್ಪು ಅರ್ಧ ದಾರಿಯಲ್ಲಿ ನಿಂತಿತು. ಗಲ್ಫಿನ ಯಾವ ಆಫೀಸಿನಲ್ಲೂ ಮನುಷ್ಯ ಎಚ್‌ಆರ್ ಮುಂದೆ ನಿಂತು ಆ ಶಬ್ದ ಉಚ್ಚರಿಸುವುದು ಸಾಮಾನ್ಯವಾಗಿ ಒಂದೇ ಸಲ. ಕೆಲಸ ಬಿಟ್ಟು ಊರಿಗೆ ಹೊರಟಾಗ, ಕೊನೆಗೆ ಸಿಗಬೇಕಾದದ್ದನ್ನು ಕೇಳಿ ಪಡೆಯುವುದಕ್ಕೆ. ಹನ್ನೆರಡು ವರ್ಷದಿಂದ ಒಂದೇ ಕುರ್ಚಿಗೆ ಅಂಟಿಕೊಂಡಿದ್ದ ಪುರಂದರನಿಗೆ ಇದು ಹೊಳೆಯಲೇ ಇಲ್ಲ.

"ಪುರಂದರಣ್ಣ... ನಿಜವಾಗ್ಲೂ?"

"ನಿಜ! ನಂಗೇ ನಂಬ್ಲಿಕ್ಕೆ ಆಗ್ತಾ ಇಲ್ಲ."

"ಯಾವಾಗ ಡಿಸೈಡ್ ಮಾಡಿದ್ದು?"

"ಇವತ್ತು ಬೆಳಿಗ್ಗೆ. ಹೀಟರ್ ಎದುರು ಕೂತಿದ್ದೆ ನೋಡು, ಆಗ."

"ಅಕ್ಕ ಎಂತ ಹೇಳಿದ್ರು?"

"ಅವಳಿಗೆ ಖುಷಿಯೋ ಖುಷಿ. ತಿಂಡಿ ತಿನ್ಲಿಕ್ಕೂ ಬಿಡ್ಲಿಲ್ಲ, ಈಗಲೇ ಹೊರಡಿ ಅಂತ ದೂಡಿದ್ಲು."

ಶಾರನ್ ಕಂಪ್ಯೂಟರಿನಲ್ಲಿ ಒಂದು ಫಾರ್ಮ್ ತೆರೆದಳು. "ಕಾರಣ ಅಂತ ಒಂದು ಕಾಲಂ ಉಂಟು. ಎಂತ ಬರೀಲಿ?"

"ಚಳಿ ಅಂತ ಬರಿ."

"ಚಳಿ!"

"ಮತ್ತೆಂತ? ಇದ್ದದ್ದು ಇದ್ದ ಹಾಗೆ ಬರಿ. ತಡೀಲಿಕ್ಕೆ ಆಗುದಿಲ್ಲ."

ಶಾರನ್ ಎಸಿಯ ಕಿಂಡಿ ನೋಡಿದಳು. ನಿಖಿಲನ ಬಾಗಿಲು ನೋಡಿದಳು. ಮಂಗನ ಟೋಪಿಯೊಳಗಿನ ಆ ಪುಟ್ಟ ಮುಖ ನೋಡಿದಳು. ಅವಳ ಕಣ್ಣು ತುಂಬಿತು. "ಯಾವಾಗಕ್ಕೆ ಬೇಕು ಅಣ್ಣ?"

"ಯಾವಾಗಕ್ಕೆ ಎಂತದು? ಇವತ್ತೇ ಲಾಸ್ಟ್ ಡೇ."

"ಇವತ್ತೇ!"

"ನಾಳೆ ಆದ್ರೆ ಪ್ರಯೋಜನ ಇಲ್ಲ. ಮತ್ತೆ ಇದು ಯಾರಿಗೂ ಗೊತ್ತಾಗುದು ಬೇಡ. ಮಸೂದನಿಗಂತೂ ಬೇಡವೇ ಬೇಡ."

ಪ್ರಿಂಟರಿನಿಂದ ಹಾಳೆ ಬಂತು. ಅದರ ಮೇಲರ್ಧದಲ್ಲಿ ಶಾರನ್‌ಳ ಚಹಾ ಕಪ್ಪು ಕೂತಿತ್ತು, ಪಕ್ಕದಲ್ಲಿ ಅವಳು ಕಣ್ಣೊರೆಸಿಕೊಂಡ ಟಿಶ್ಯೂ. ಕಪ್ಪಿನ ಕೆಳಗೆ ದಪ್ಪ ಅಕ್ಷರದ ‘ಬೆನಿಫಿಟ್ಸ್’ ಎಂಬ ಪದ ಮಾತ್ರ ಇಣುಕುತ್ತಿತ್ತು. ಪುರಂದರನಿಗೆ ಅಷ್ಟು ಸಾಕಿತ್ತು. ಸಹಿ ಹಾಕಿದ. ಸಂತೋಷಕ್ಕೆ ಸಹಿಯ ಕೆಳಗೆ ಒಂದು ಗೆರೆಯನ್ನೂ ಎಳೆದ.

ಶಾರನ್ ಗುಟ್ಟನ್ನು ಪೂರಾ ಹನ್ನೊಂದು ನಿಮಿಷ ಕಾಪಾಡಿದಳು.

ಹನ್ನೆರಡನೆಯ ನಿಮಿಷಕ್ಕೆ ಮಸೂದ್ ಬಂದು ಪುರಂದರನ ಮೇಜಿನ ಮುಂದೆ ನಿಂತ. ಒಂದೇ ಆಫೀಸು, ಒಂದೇ ಬಿಲ್ಡಿಂಗು. ಇಲ್ಲಿ ಅವನ ಕುರ್ಚಿ ಎರಡು ಮೇಜು ಆಚೆ, ಅಲ್ಲಿ ಅವನ ಮನೆ ಒಂದು ಮಹಡಿ ಕೆಳಗೆ. ಅವನು ಪುರಂದರನ ಎರಡೂ ಕೈ ಹಿಡಿದ.

"ಪುರಂದರಣ್ಣ, ಗಂಡಸು ಅಂದ್ರೆ ನೀವು."

ಪುರಂದರ ಕೈ ಬಿಡಿಸಿಕೊಂಡ. "ಯಾರು ಹೇಳಿದ್ದು ನಿಂಗೆ?"

"ಇಡೀ ಆಫೀಸಿಗೆ ಗೊತ್ತುಂಟು ಅಣ್ಣ. ನಾವೆಲ್ಲ ಮನಸ್ಸಲ್ಲಿ ಮಾತ್ರ ಯೋಚಿಸಿದ್ದು. ನೀವು ಮಾಡಿ ತೋರಿಸಿದ್ರಿ."

"ಶ್! ಮೆಲ್ಲ ಮಾತಾಡು ಮಾರಾಯ. ಇದು ಎಲ್ಲರಿಗೂ ಸಿಗುವಂಥದ್ದಲ್ಲ."

"ಎಲ್ಲಿ ಸಿಗ್ತದೆ! ಅದಕ್ಕೆ ಗುಂಡಿಗೆ ಬೇಕು." ಮಸೂದ್ ದನಿ ತಗ್ಗಿಸಿದ. "ಅಣ್ಣ, ಒಂದು ಸಾಮಾನಿನ ವಿಷಯ. ನಿಮ್ಮತ್ರ ಕೇಳ್ಲಿಕ್ಕೆ ನಂಗೆ ನಾಚಿಕೆ. ನಮ್ಮ ಮನೆಯವಳು ಸುಮೀನಾ ಬಂದು ಅಕ್ಕನತ್ರ ಮಾತಾಡ್ತಾಳೆ, ಆಯ್ತಾ?"

ಪುರಂದರನಿಗೆ ಏನೂ ಅರ್ಥವಾಗಲಿಲ್ಲ. ಆದರೆ ಅಷ್ಟರಲ್ಲಿ ಒಬ್ಬೊಬ್ಬರಾಗಿ ಬಂದು ಕೈ ಕುಲುಕತೊಡಗಿದರು. ಅಕೌಂಟ್ಸಿನವರು ಬಂದರು. ಡ್ರೈವರುಗಳು ಬಂದರು. ಕೋಲ್ಡ್ ಸ್ಟೋರಿನಿಂದ ಇಬ್ಬರು ಗಡ್ಡದಲ್ಲಿ ಹಿಮ ಮೆತ್ತಿಕೊಂಡೇ ಬಂದು ಅಪ್ಪಿಕೊಂಡರು. ಒಬ್ಬ ಸೆಲ್ಫಿ ತೆಗೆದುಕೊಂಡ. ಸರ್ಕಾರದ ಸಹಾಯ ಸಿಕ್ಕವರಿಗೆ ಇಷ್ಟೊಂದು ಮರ್ಯಾದೆ ಇದೆಯೆಂದು ಪುರಂದರನಿಗೆ ಗೊತ್ತೇ ಇರಲಿಲ್ಲ. ಮಧ್ಯಾಹ್ನದ ಊಟಕ್ಕೆ ಯಾರೋ ಅವನ ತಟ್ಟೆಗೆ ಇಡೀ ಅಂಜಲ್ ಮೀನಿನ ಫ್ರೈ ಬಡಿಸಿದರು. ಅವನು ಮದುಮಗನಂತೆ ನಾಚುತ್ತ ತಿಂದ.

ಎರಡೂವರೆಗೆ ಮೀಟಿಂಗ್ ಕೋಣೆಗೆ ಕರೆದರು. ಒಳಗೆ ಎಲ್ಲರೂ ಸಾಲಾಗಿ ನಿಂತಿದ್ದರು. ಮೇಜಿನ ಮೇಲೆ ಬಕೆಟ್ಟಿನಗಲದ ಐಸ್‌ಕ್ರೀಮ್ ಕೇಕು. ಅದರ ಮೇಲೆ ಗುಲಾಬಿ ಬಣ್ಣದಲ್ಲಿ ‘ಗುಡ್ ಬೈ ಪುರಂದರ್’.

ಶಾರನ್ ಮುಂದೆ ಬಂದಳು. "ಹನ್ನೆರಡು ವರ್ಷ ನಮ್ಮ ಜೊತೆ ಇದ್ದು ಇವತ್ತು..."

"ಒಂದು ನಿಮಿಷ," ಎಂದ ಪುರಂದರ. "ಈ ಗುಡ್ ಬೈ ಯಾರಿಗೆ?"

"ನಿಮಗೇ ಅಣ್ಣ. ಇವತ್ತು ನಿಮ್ಮ ಲಾಸ್ಟ್ ಡೇ ಅಲ್ವಾ?"

"ನಂದಲ್ಲ! ಅರ್ಜಿದು!"

"ಯಾವ ಅರ್ಜಿ? ನೀವು ಬೆನಿಫಿಟ್ಸ್ ಕೇಳಿದ್ರಲ್ಲ. ನಾನು ರಿಸೈನ್ ಫಾರ್ಮ್ ಕೊಟ್ಟೆ, ನೀವು ಸೈನ್ ಮಾಡಿದ್ರಿ. ಗೆರೆ ಸಹ ಎಳೆದ್ರಿ."

ಕೆಲಸ ಹೋದರೆ ವೀಸಾ ಹೋಗುತ್ತದೆ. ಅವನ ವೀಸಾದ ಬಾಲ ಹಿಡಿದುಕೊಂಡಿರುವ ಚಂದ್ರಮತಿಯ ವೀಸಾ, ಅಶ್ಮಿತಾಳ ವೀಸಾ, ಶಾಲೆ, ಫ್ಲಾಟು ಎಲ್ಲವೂ ಒಂದರ ಹಿಂದೊಂದು ರೈಲಿನ ಡಬ್ಬಿಗಳಂತೆ ಕೆಳಗುರುಳುವುದು ಅವನಿಗೆ ಕಣ್ಣೆದುರೇ ಕಂಡಿತು. ಅದೂ ವರ್ಷದ ನಡುವೆ, ಪರೀಕ್ಷೆಯ ಹೊತ್ತಿಗೆ!

ಫೋನ್ ಹೊಡೆದುಕೊಂಡಿತು. ಚಂದ್ರಮತಿ.

"ಹೋಯ್, ಸುಮೀನಾ ಬಂದಿದ್ದಾಳೆ. ಅದು ಇನ್ನು ನಮಗೆ ಬೇಕಾಗುದಿಲ್ಲ ಅಲ್ವಾ ಅಂತ ಕೇಳ್ತಾ ಇದ್ದಾಳೆ. ಕೊಡ್ಲಾ?"

"ಕೊಡು, ಕೊಡು! ಎಂತ ಬೇಕಾದ್ರೂ ಕೊಡು! ಈಗ ಫೋನ್ ಇಡು!"

ಇಟ್ಟ ಕೂಡಲೇ ಅಶ್ಮಿತಾಳ ಮೆಸೇಜು ಬಂತು. ಶಾಲೆ ಬಿಟ್ಟಿತ್ತು, ಅವಳು ಪೂರ್ತಿ ಪುಟವನ್ನೇ ಹುಡುಕಿ ತೆಗೆದಿದ್ದಳು. ‘ಪಪ್ಪಾ, ಐ ಚೆಕ್ಡ್. ದಿಸ್ ಈಸ್ ಯುಕೆ ಗವರ್ನಮೆಂಟ್. ಪೋಸ್ಟ್‌ಕೋಡ್ ಹಾಕಿ ಅಂತಿದೆ. ದುಬೈಗೆ ಪೋಸ್ಟ್‌ಕೋಡೇ ಇಲ್ಲ. ಬೆನಿಫಿಟ್ಸ್ ಅಂದ್ರೆ ಅಲ್ಲಿ ಕೆಲಸ ಇಲ್ಲದವರಿಗೆ, ಸಂಪಾದನೆ ಸಾಲದವರಿಗೆ ಸರ್ಕಾರ ಕೊಡೋ ದುಡ್ಡು. ನಾಟ್ ಫಾರ್ ಯೂ.’ ಕೊನೆಗೆ ನಗುವ ಮುಖಗಳು ಆರು.

ನಾಟ್ ಫಾರ್ ಯೂ ಎಂದು ಅವಳು ಬರೆದದ್ದು ಪೂರ್ತಿ ಸರಿಯಲ್ಲ ಎಂದು ಪುರಂದರನಿಗೆ ಅನ್ನಿಸಿತು. ಬೆಳಿಗ್ಗೆ ಅವನಿಗೆ ಆ ಅರ್ಹತೆ ಇರಲಿಲ್ಲ, ನಿಜ. ಈಗ ಬಂದಿತ್ತು. ದೇಶ ಮಾತ್ರ ಬೇರೆ.

"ಶಾರನ್, ಆ ಫಾರ್ಮ್ ಎಲ್ಲುಂಟು?"

"ನಿಖಿಲ್ ಸರ್ ಟೇಬಲ್ ಮೇಲೆ."

ಪುರಂದರ ಓಡಿದ. ಹಿಂದಿನಿಂದ ಇಡೀ ಆಫೀಸು ಓಡಿತು. ಕೇಕು ಕರಗಬಾರದೆಂದು ಮಸೂದ್ ಅದನ್ನೂ ಎತ್ತಿಕೊಂಡು ಓಡಿದ.

ನಿಖಿಲ್ ಅರ್ಧ ತೋಳಿನ ಅಂಗಿಯಲ್ಲಿ, ಐಸ್ ತೇಲುವ ನೀರು ಕುಡಿಯುತ್ತ, ಫಾರ್ಮಿನ ಕಡೆಗೆ ಮುಖ ಊದಿಸಿಕೊಂಡು ಕೂತಿದ್ದ.

"ಪುರಂದರ್, ಏನಿದು? ರೀಸನ್ ಅಂತ ಇರೋ ಕಡೆ ಚಳಿ ಅಂತ ಬರೆದಿದೀರ. ನಂಗೆಷ್ಟು ಹರ್ಟ್ ಆಗಿದೆ ಗೊತ್ತಾ? ಇಡೀ ಟೀಮ್‌ಗೆ ಕೋಲ್ಡ್ ಮೈಂಡ್‌ಸೆಟ್ ಕಲಿಸ್ಬೇಕು ಅಂತ ಒದ್ದಾಡ್ತಿದೀನಿ. ನೀವು ನೋಡಿದ್ರೆ ಚಳಿ ಅಂತ ಬಿಟ್ಟು ಹೋಗ್ತಿದೀರ!"

ಮುಳುಗುವವನ ತಲೆ ಕೆಲವೊಮ್ಮೆ ಬಲು ಚುರುಕಾಗುತ್ತದೆ. ಹದಿನೇಳು ಡಿಗ್ರಿಯ ಪ್ರಭಾವವೂ ಇರಬಹುದು.

"ಸರ್, ಶಾರನ್ ಒಂದು ಪದ ಬಿಟ್ಟಿದ್ದಾಳೆ," ಎಂದ ಪುರಂದರ. "ನಾನು ಹೇಳಿದ್ದು ಚಳಿ ಅಂತ ಅಲ್ಲ. ಚಳಿ ಸಾಲದು ಅಂತ."

"ಏನು?"

"ಚಳಿ ಸಾಲುದಿಲ್ಲ ಸರ್ ಇಲ್ಲಿ! ಹದಿನೇಳು ಒಂದು ಚಳಿಯಾ? ಆ ಬೇಜಾರಲ್ಲಿ ಹೊರಟದ್ದು ನಾನು!"

ಬಾಗಿಲಲ್ಲಿ ಗುಂಪುಗೂಡಿದ್ದ ಆಫೀಸು ಒಟ್ಟಾಗಿ ಉಸಿರು ಬಿಗಿಹಿಡಿಯಿತು. ನಿಖಿಲನ ಮುಖದ ಮೇಲೆ ಸೂರ್ಯ ಹುಟ್ಟುವಂತೆ ಏನೋ ಹುಟ್ಟಿತು. ಆದರೂ ಸಂಶಯ. "ಮತ್ತೆ ಈ ಮಂಕಿ ಕ್ಯಾಪ್?"

"ಇದಾ? ಮೈ ಬಿಸಿ ಹೊರಗೆ ಹೋಗಿ ಬೇರೆಯವರಿಗೆ ತೊಂದರೆ ಆಗ್ಬಾರ್ದು ಅಂತ ಹಾಕುದು." ಪುರಂದರ ಟೋಪಿ ಕಿತ್ತೆಸೆದ. ಒಂದು ಸ್ವೆಟರ್ ಬಿಚ್ಚಿದ. ಎರಡನೆಯದನ್ನೂ ಬಿಚ್ಚಿದ. ಮಸೂದನ ಕೈಯಲ್ಲಿದ್ದ ಕೇಕಿಗೆ ಕೈ ಹಾಕಿ, ‘ಗುಡ್ ಬೈ’ ಇದ್ದ ಭಾಗವನ್ನೇ ಮುಷ್ಟಿಯಲ್ಲಿ ಎತ್ತಿ ಬಾಯಿಗೆ ತುಂಬಿಕೊಂಡ. ಹಲ್ಲಿನ ಬೇರಿನಿಂದ ನೆತ್ತಿಯ ತನಕ ಮಿಂಚು ಹೊಡೆಯಿತು. ಕಣ್ಣಿನಲ್ಲಿ ನೀರು ಬಂತು. "ಆಹಾ," ಎಂದ, "ಈಗ ಸ್ವಲ್ಪ ಜೀವ ಬಂತು."

ನಿಖಿಲ್ ಎದ್ದು ಬಂದು ಅವನನ್ನು ತಬ್ಬಿಕೊಂಡ. ರಾಜೀನಾಮೆಯ ಫಾರ್ಮನ್ನು ಎಲ್ಲರೆದುರು ನಾಲ್ಕು ಚೂರು ಮಾಡಿದ. ಆಫೀಸು ಚಪ್ಪಾಳೆ ತಟ್ಟಿತು. ಪುರಂದರನ ಕಾಲುಗಳು ಸಮಾಧಾನಕ್ಕೆ ನಡುಗಿದವು, ಚಳಿಗೂ ನಡುಗಿದವು. ಯಾವುದು ಎಷ್ಟು ಎಂದು ಹೇಳುವುದು ಕಷ್ಟ.

"ನಂಗೆ ಗೊತ್ತೇ ಇರ್ಲಿಲ್ಲ ಪುರಂದರ್," ನಿಖಿಲನ ದನಿ ಒದ್ದೆಯಾಗಿತ್ತು. "ಎರಡು ತಿಂಗಳಿಂದ ಕೋಲ್ಡ್ ಸ್ಟೋರ್ ಇನ್‌ಚಾರ್ಜ್ ಸೀಟ್ ಖಾಲಿ ಬಿದ್ದಿದೆ. ಯಾರನ್ನ ಕೇಳಿದ್ರೂ ಒಲ್ಲೆ ಅಂತಾರೆ. ನನ್ನ ಪಕ್ಕದಲ್ಲೇ ವಜ್ರ ಇಟ್ಕೊಂಡು ಹೊರಗೆಲ್ಲ ಹುಡುಕ್ತಾ ಇದ್ದೆ ನೋಡಿ! ನಾಳೆಯಿಂದ ನೀವೇ. ಮೈನಸ್ ಹದಿನೆಂಟು! ಸಾಕಲ್ವಾ ಈಗ?"

ಪುರಂದರನ ಬಾಯಲ್ಲಿ ಇನ್ನೂ ಐಸ್‌ಕ್ರೀಮ್ ಇತ್ತು. ಅದು ಒಳ್ಳೆಯದೇ ಆಯಿತು.

"ಜಾಕೆಟ್ ಕಂಪನಿದು. ಮೇಲಿಂದ ಕೋಲ್ಡ್ ಅಲೋವೆನ್ಸ್. ಶಾರನ್, ಇವರಿಗೆ ಫುಲ್ ಬೆನಿಫಿಟ್ಸ್ ಲೆಟರ್ ಟೈಪ್ ಮಾಡಿ. ಇವತ್ತೇ!"

ಹೀಗೆ ಸಂಜೆ ಐದಕ್ಕೆ ಪುರಂದರನಿಗೆ ಬೆಳಿಗ್ಗೆ ಕೇಳಿದ್ದ ಲೆಟರ್ ಸಿಕ್ಕಿತು. ಈ ಸಲ ಅವನು ಚಹಾ ಕಪ್ಪನ್ನು ಎತ್ತಿ ಪಕ್ಕಕ್ಕಿಟ್ಟು, ಕೊನೆಯ ಚುಕ್ಕಿಯ ತನಕ ಓದಿದ. ಇವರು ಕಂಪನಿಯ ಬೆನಿಫಿಟ್ಸ್ ಮೇಲಿದ್ದಾರೆ ಎಂದು ಸ್ಪಷ್ಟವಾಗಿ ಬರೆದಿತ್ತು.

ಕರಾಮದ ಬಿಲ್ಡಿಂಗಿನ ಲಿಫ್ಟ್ ಬಳಿ ದ್ವಾರಕನಾಥರು ಕಾದು ನಿಂತಿದ್ದರು. ಪುರಂದರನ ತೋಳಿನ ಮೇಲಿದ್ದ, ಹಾಸಿಗೆಯಷ್ಟು ದಪ್ಪದ ನೀಲಿ ಜಾಕೆಟ್ ಕಂಡು ಅವರ ಕನ್ನಡಕ ಜಾರಿತು.

"ಸಿಕ್ತೇನ್ರೀ?"

"ಸಿಕ್ತು ಸಾರ್." ಪುರಂದರ ಲೆಟರ್ ತೋರಿಸಿದ.

"ಜಾಕೆಟ್ಟೂ ಕೊಟ್ರಾ! ಎಂಥಾ ಸರ್ಕಾರ ಕಣ್ರೀ! ನಾನು ನಾಳೆ ಹೋದ್ರೆ ನಡೆಯುತ್ತಾ? ಎಚ್‌ಆರ್‌ಗೆ ಏನಂತ ಹೇಳ್ಬೇಕು?"

ಪುರಂದರ ಒಂದು ಗಳಿಗೆ ಅವರ ಮುಖ ನೋಡಿದ. ಲಿಫ್ಟಿನ ಬಾಗಿಲು ತೆರೆಯಿತು.

"ಬೆನಿಫಿಟ್ಸ್ ಬೇಕು ಅಂತ ಹೇಳಿ ಸಾರ್. ಇವತ್ತೇ ಲಾಸ್ಟ್ ಡೇ ಅಂತ ಹೇಳ್ಲಿಕ್ಕೆ ಮಾತ್ರ ಮರೀಬೇಡಿ."

ಮನೆಯೊಳಗೆ ಕಾಲಿಟ್ಟವನೇ ಅವನು ಅಭ್ಯಾಸದಂತೆ ಹೀಟರಿನ ಮೂಲೆಗೆ ನಡೆದ. ಹಲ್ಲುಗಳು ಇನ್ನೂ ಕೇಕಿನ ನೆನಪಿನಲ್ಲಿ ಕಟಕಟ ಎನ್ನುತ್ತಿದ್ದವು. ಮೂಲೆಯಲ್ಲಿ ಒಂದು ಪ್ಲಗ್ ಪಾಯಿಂಟ್ ಇತ್ತು. ಅಷ್ಟೇ ಇತ್ತು.

"ಚಂದ್ರಾ, ಹೀಟರ್ ಎಲ್ಲಿ?"

"ಎಲ್ಲಿ ಅಂದ್ರೆ? ನೀವೇ ಅಲ್ವಾ ಕೊಡು ಕೊಡು ಅಂತ ಹೇಳಿದ್ದು! ಸುಮೀನಾ ತಗೊಂಡು ಹೋದ್ಲು. ಅವರ ಮಗು ಮಿನ್ಹಾಗೆ ಶೀತ ಅಂತೆ. ನಮಗೆ ಹೇಗೂ ಹೊಸದು ಬರ್ತದಲ್ಲ ಅಂತ ನಿಮ್ಮ ರಜಾಯಿ ಸಹ ಕೊಟ್ಟೆ. ಪಾಪ, ಹೋಗುವಾಗ ನನ್ನ ಕೈ ಹಿಡಿದು ಅತ್ತೇ ಬಿಟ್ಲು, ಯಾಕೆಂತ ಗೊತ್ತಾಗ್ಲಿಲ್ಲ. ಎಲ್ಲಿ, ಸರ್ಕಾರದ್ದು ಎಂತ ಆಯ್ತು?"

ಪುರಂದರ ಕೂತು ಎಲ್ಲವನ್ನೂ ಹೇಳಿದ. ಯುಕೆ, ಪೋಸ್ಟ್‌ಕೋಡು, ಗೆರೆ ಎಳೆದ ಸಹಿ, ಮೈನಸ್ ಹದಿನೆಂಟು. ಸೋಫಾದ ತುದಿಯಲ್ಲಿ ಅಶ್ಮಿತಾ ದಿಂಬಿನಿಂದ ಬಾಯಿ ಮುಚ್ಚಿಕೊಂಡು ಅಲುಗುತ್ತಿದ್ದಳು. ಹೀಟರ್ ವಾಪಸು ಕೇಳೋಣವೆಂದು ಅವನು ಫೋನ್ ಎತ್ತಿದ. ಅದರಲ್ಲಿ ಆಗಲೇ ಮಸೂದನ ಮೆಸೇಜು ಕೂತಿತ್ತು. ‘ಅಣ್ಣ, ಮಿನ್ಹಾ ಮೂರು ದಿನದ ಮೇಲೆ ಇವತ್ತು ಕೆಮ್ಮದೆ ಮಲಗಿದ್ದಾಳೆ. ನಿಮ್ಮ ಹೀಟರಿನ ಪುಣ್ಯ. ನಿಮಗಂತೂ ಚಳಿಯೇ ಸಾಲುದಿಲ್ಲ ಅಂತ ಇವತ್ತು ಗೊತ್ತಾಯ್ತು. ಗ್ರೇಟ್ ಅಣ್ಣ ನೀವು.’

ಪುರಂದರ ಫೋನ್ ಕೆಳಗಿಟ್ಟ. ನೀಲಿ ಜಾಕೆಟ್ ತೊಟ್ಟು, ಜಿಪ್ಪನ್ನು ಗಂಟಲಿನ ತನಕ ಎಳೆದುಕೊಂಡು, ಖಾಲಿ ಪ್ಲಗ್ ಪಾಯಿಂಟಿನ ಮುಂದೆ ಹೋಗಿ ಕೂತ.

ಚಂದ್ರಮತಿ ಬೆರಳು ಮಡಿಸುತ್ತ ಏನೋ ಲೆಕ್ಕ ಹಾಕುತ್ತಿದ್ದಳು. ನಿಧಾನವಾಗಿ ಅವಳ ಮುಖ ಅರಳಿತು.

"ಹೋಯ್, ಹೀಗೆ ನೋಡಿ. ಹೀಟರೇ ಇಲ್ಲದ ಮೇಲೆ ಇನ್ನು ಅದರ ಕರೆಂಟ್ ಖರ್ಚೂ ಇಲ್ಲ," ಎಂದಳು. "ಸರ್ಕಾರ ಕೊಡುದಕ್ಕಿಂತ ಒಳ್ಳೆಯದೇ ಆಯ್ತಲ್ಲ!"